ತಾಯಿಯವರು ಕೌದಿಯ ಹೊಟ್ಟೆ ತುಂಬಿಸಿದ್ದು

ಘಟಪ್ರಭೆಯ ದಂಡೆಯ ಊರೊಂದರಲ್ಲಿ, ಮುಚ್ಚಿಹೋದ ಹತ್ತಿ ಗಿರಣಿಯ ಹಿಂದೆ, ಪೂಜ್ಯ ನೀಲಗಂಗವ್ವ ತಾಯಿಯವರು ತಗಡಿನ ಸೂರಿನ ಒಂದೇ ಕೋಣೆಯಲ್ಲಿ ಇರುತ್ತಿದ್ದರು. ಗದ್ದುಗೆಯಿಲ್ಲ, ಪಾದಪೂಜೆಯಿಲ್ಲ. ಭಕ್ತರು ತಂದ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿದುಕೊಡುವುದೇ ಅವರ ಪೂಜೆ. ನಮ್ಮ ಕಡೆ ಕೌದಿಗೂ ಹೊಟ್ಟೆ ಇರುತ್ತದೆ. ನಟ್ಟನಡುವೆ ಅಂಗೈಯಗಲ ಜಾಗ ಬಿಟ್ಟು, ಕೊನೆಗೆ ಅಲ್ಲಿ ರೊಟ್ಟಿಯ ಚೂರು ಇಟ್ಟು ಹೊಲಿಗೆ ಮುಚ್ಚುತ್ತಾರೆ. ಹಸಿದ ಕೌದಿ ಹೊದ್ದವರನ್ನು ಮಲಗಗೊಡುವುದಿಲ್ಲವಂತೆ.

ನನ್ನ ದೊಡ್ಡಪ್ಪನ ಮಗಳು ದ್ರಾಕ್ಷಾಯಣಿ ಅಕ್ಕನಿಗೆ ಆ ವರ್ಷ ಗರ್ಭ ನಿಂತದ್ದು ಗರ್ಭಕೋಶದಲ್ಲಲ್ಲ, ನಳಿಕೆಯಲ್ಲಿ. ನಳಿಕೆ ಒಡೆದು ಹೊಟ್ಟೆಯೊಳಗೆಲ್ಲ ರಕ್ತ. ಆಪರೇಷನ್ ಮಾಡಿ, ಆ ನಳಿಕೆ ತೆಗೆದು, ಜೀವ ಉಳಿಸಿದರು. ಹೆರಿಗೆಯಲ್ಲವೆಂದು ಬಾಣಂತನ ಮಾಡಲಿಲ್ಲ, ಸಾವಲ್ಲವೆಂದು ಯಾರೂ ಅಳಲಿಲ್ಲ. "ಹುಣ್ಣು ತಗಸಿದಂಗ ಆತು ಬಿಡು," ಎಂದ ಅವಳ ಅತ್ತೆ, ಮಗನ ಹಾಸಿಗೆಯನ್ನು ಪಡಸಾಲೆಗೆ ಹಾಕಿಸಿದರು. ಮೂರು ತಿಂಗಳಾದರೂ ಅದು ಒಳಗೆ ಬರಲಿಲ್ಲ.

"ನೀರಿನ ಲೋಟಾನೂ ಅವರು ಕೈಗೆ ಕೊಡಂಗಿಲ್ಲ, ಕಟ್ಟಿ ಮ್ಯಾಲ ಇಟ್ಟು ಹೋಗ್ತಾರ," ಎಂದು ಅಕ್ಕ ಒಮ್ಮೆ ಗಂಡನ ಬಗ್ಗೆ ನನಗೆ ಹೇಳಿದ್ದಳು. "ನನ್ನ ಕಂಡ್ರ ಹೇಸಿಗಿ ಆಗೇತಿ."

ತಾಯಿಯವರ ಬಳಿ ಹೋಗೋಣವೆಂದು ಹಟ ಹಿಡಿದವಳು ಅಕ್ಕನೇ. ಅವಳ ಗಂಡ ಮಹಾಂತೇಶ ಮಾಮಾ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವವರು. ಇಂಥದ್ದನ್ನೆಲ್ಲ ನಂಬುವವರಲ್ಲ. "ಸ್ಕ್ಯಾನಿಂಗ್‌ನಾಗ ಕಾಣದ್ದು ಸೂಜ್ಯಾಗ ಕಾಣತೈತೇನು?" ಎನ್ನುತ್ತಲೇ ಬಂದರು. ಅಕ್ಕನಿಗೆ ಜೊತೆಯಾಗಿ ನಾನೂ ಹೋದೆ.

ಉರಿ ಮಧ್ಯಾಹ್ನ. ಗಿರಣಿಯ ಪಾರಿವಾಳಗಳೂ ಸದ್ದು ಮಾಡುತ್ತಿರಲಿಲ್ಲ. ತಾಯಿಯವರು ಮುಗಿಯುತ್ತ ಬಂದ ಕೌದಿಯೊಂದನ್ನು ತೊಡೆಯ ಮೇಲೆ ಹರಡಿಕೊಂಡು ಕುಳಿತಿದ್ದರು. ತಲೆಯೆತ್ತದೆ ಅಂದರು: "ಆ ದಿನದ ಸೀರಿ ಕೊಡು."

ಅಕ್ಕ ಬಿಳಿಚಿಕೊಂಡಳು. ಆಸ್ಪತ್ರೆಗೆ ಹೊತ್ತೊಯ್ದ ದಿನ ಉಟ್ಟಿದ್ದ ಹಸಿರು ಸೀರೆಯನ್ನು ಸುಟ್ಟುಬಿಡಲು ಅತ್ತೆ ಹೇಳಿದ್ದರು. ಅವಳು ಅದನ್ನು ಒಗೆದು ಬಚ್ಚಿಟ್ಟಿದ್ದಳು. ಈಗದು ಅವಳ ಚೀಲದ ತಳದಲ್ಲಿತ್ತು. ಜೊತೆಗಿದ್ದ ನನಗೂ ಗೊತ್ತಿರಲಿಲ್ಲ.

ತಾಯಿಯವರು ಆ ಸೀರೆಯಿಂದ ಚೌಕದ ತುಂಡೊಂದನ್ನು ಕತ್ತರಿಸಿ ಕೌದಿಯ ಹೊಟ್ಟೆಗೆ ಮೂರು ಕಡೆ ಹೊಲಿದರು. "ಒಳಗ ಕೈ ಇಡು, ಮಗಳ."

ಅಕ್ಕ ಇಟ್ಟಳು. ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಗಾಳಿಯಿರಲಿಲ್ಲ, ಅಕ್ಕ ಉಸಿರು ಬಿಗಿಹಿಡಿದಿದ್ದಳು. ಆದರೂ ಆ ಹಸಿರು ತುಂಡು ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು.

"ಬೆಚ್ಚಗೈತ್ರಿ," ಅಂದಳು ಅಕ್ಕ. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ತಾಯೀ, ನನ್ನ ಬೆರಳು ಹಿಡದೈತ್ರಿ."

"ದಾರಿ ತಪ್ಪಿ ಬಂದಿತ್ತು. ನೀ ಕೊಂದಿಲ್ಲ," ಎಂದ ತಾಯಿಯವರು ಮಾಮಾನತ್ತ ತಿರುಗಿದರು. "ಯಪ್ಪಾ, ನೀನೂ ಕೈ ಇಡು."

ಮಾಮಾ ಹಿಂದೆ ಸರಿದು ತಗಡಿನ ಗೋಡೆಗೆ ಬೆನ್ನು ಹಚ್ಚಿದರು. "ನನ್ನ ಕೈ ಬ್ಯಾಡ್ರಿ! ನನ್ನಿಂದನ ಅಕಿ ಸಾಯೂದಿತ್ತು. ಇನ್ನೊಮ್ಮೆ ಮುಟ್ಟಿ ಕೊಲ್ಲಲೇನ್ರಿ?"

ಅಕ್ಕ ಮೆಲ್ಲಗೆ ತಿರುಗಿದಳು. "ಏನಂದ್ರಿ?"

"ಅಷ್ಟು ರಕ್ತ ನೋಡೀನಿ ನಾ."

"ನಿಮಗ ಹೇಸಿಗಿ ಅಂತ ತಿಳದಿದ್ದೆ."

"ಹೇಸಿಗಿ? ಹುಚ್ಚೀ!" ಮಾಮಾನ ದನಿ ಒಡೆಯಿತು.

"ಡಾಕ್ಟರಮ್ಮ ಏನಂದಾಳ, ಇವನ ಮುಂದ ಹೇಳು," ಎಂದರು ತಾಯಿಯವರು.

ಆ ಮಾತು ತಿಂಗಳಿಂದ ಅಕ್ಕನ ಗಂಟಲಲ್ಲೇ ಇತ್ತು. ಮನೆಯಲ್ಲಿ ಯಾರಿಗೆ ಅಂತ ಹೇಳಿಯಾಳು? ತಲೆತಗ್ಗಿಸಿ ಹೇಳಿದಳು: "ಗಾಯ ಮಾಗೇತಿ ಅಂದ್ರು. ಗಂಡ ಹೆಂಡತಿ ಆಗಿ ಇರಬಹುದಂತ, ಇಬ್ಬರಿಗೂ ಮನಸ್ಸು ಬಂದಾಗ. ನೋವಾದ್ರ ನಿಲ್ಲಸಬೇಕಂತ. ಬಸಿರಿಗೆ ಸದ್ಯ ಅವಸರ ಬ್ಯಾಡಂತ."

ನಾನು ನೂಲಿನ ಉಂಡೆಯನ್ನೇ ನೋಡುತ್ತಿದ್ದೆ.

ಮಾಮಾ ಬಂದು ಕುಳಿತರು. ಕೈಯನ್ನು ಅಕ್ಕನ ಕೈಯ ಪಕ್ಕ ಒಳಗಿಟ್ಟರು. ಅವರ ಮುಖ ಬದಲಾದದ್ದನ್ನು ನಾನು ಇಂದಿಗೂ ಮರೆತಿಲ್ಲ. ತಾಯಿಯವರು ಇಬ್ಬರ ಬೆರಳುಗಳ ನಡುವೆ ರೊಟ್ಟಿಯ ಚೂರು ಇರಿಸಿ, "ಈಗ ಬಿಡ್ರಿ," ಎಂದರು. ಬಿಡಲು ಅಕ್ಕನಿಗೆ ಬಹಳ ಹೊತ್ತು ಹಿಡಿಯಿತು. ತಾಯಿಯವರು ಕಾದರು. ಆಮೇಲೆ ನಾಲ್ಕನೆಯ ಬದಿ ಹೊಲಿದು ಹಲ್ಲಿನಿಂದ ನೂಲು ಕಡಿದರು.

"ಇಬ್ಬರೂ ಇದೊಂದನ್ನ ಹೊದ್ದು ಮಲಗ್ರಿ. ಬ್ಯಾರೆ ಏನೂ ಬ್ಯಾಡ, ಅದು ಹೋಗೂತನ."

"ಯಾವುದು?" ಎಂದರು ಮಾಮಾ. ತಾಯಿಯವರು ಕೌದಿಯನ್ನು ಮಡಚಿ ಅಕ್ಕನ ತೊಡೆಯ ಮೇಲಿಟ್ಟರು.

ಅಂದೇ ಪಡಸಾಲೆಯ ಹಾಸಿಗೆ ಒಳಗೆ ಹೋಯಿತು. "ಏನಲೇ ಇದು?" ಎಂದು ಕೇಳಿದ ಅತ್ತೆಗೆ ಮಾಮಾ, "ಡಾಕ್ಟರು ಹೇಳ್ಯಾರ," ಎಂದಷ್ಟೇ ಹೇಳಿದರಂತೆ.

ಹದಿನೈದು ದಿನ ಕಳೆದು ಮತ್ತೆ ಹೋದೆವು. ಮಾಮಾ ಯಾರೂ ಹೇಳದೆಯೇ ತಾಯಿಯವರ ಪಾದಗಳ ಮೇಲೆ ಹಣೆ ಇಟ್ಟರು. "ಕೌದಿ ಒಳಗ ನಮ್ಮಿಬ್ಬರದಲ್ಲದ ಉಸಿರೊಂದಿತ್ರಿ. ಒಂಬತ್ತು ದಿನ. ಹತ್ತನೇ ದಿನ ಕೇಳಲಿಲ್ಲ. ಇಬ್ಬರೂ ಕೂತು ಅತ್ವಿ."

"ಆಮ್ಯಾಲ?" ಎಂದು ತಾಯಿಯವರು ಕೇಳಿದರು.

ಬಾಗಿಲಲ್ಲಿ ನಿಂತಿದ್ದ ಅಕ್ಕ ಸೆರಗು ಸರಿಮಾಡಿಕೊಂಡು ತಾನೇ ಹೇಳಿದಳು: "ಆಮ್ಯಾಲ ನಾನ ಅವರ ಕೈ ಹಿಡದ್ನಿ ತಾಯೀ. ನೋವಾಗಲಿಲ್ಲ."