ಸಣ್ಣೀರ ಮೊಟ್ಟೆ ಕಾದದ್ದು

ಕೇಳ್ರಪ್ಪ, ನಮ್ಮ ಕಡೆ ಗಿರಿಯವ್ವ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಸಣ್ಣೀರ. ಅಂಥ ಬುದ್ಧಿವಂತ ಏಳು ಹೋಬಳಿಯಲ್ಲಿ ಇನ್ನೊಬ್ಬ ಹುಟ್ಟಿಲ್ಲ, ಹುಟ್ಟೋದೂ ಬೇಡ! ಮೂವತ್ತು ತುಂಬಿದರೂ ಹೆಣ್ಣು ಕೊಡೋರಿಲ್ಲ. ಕೊನೆಗೆ ದೂರದೂರಿನವರೊಬ್ಬರು, ಪಾಪ, ಇವನ ಸುದ್ದಿ ಕೇಳದವರು, ಎರಡು ವಾರ ಬಿಟ್ಟು ಮನೆ ನೋಡೋಕೆ ಬರ್ತೀವಿ ಅಂದರು. ಅವರಿಗೆ ಸಾರು ಮಾಡಬೇಕಂತ ಗಿರಿಯವ್ವ ಹದಿನೆಂಟು ಮೊಟ್ಟೆ ಕೂಡಿಸಿದಳು.

"ಮಗಾ, ನೆಂಟರು ಬರೋಗಂಟ ಇವು ಕೆಡಬಾರದು. ಚೊಕ್ಕಟವಾಗಿ ಇಡು!"

ಇಟ್ಟ. ಬೂದಿ ಹಾಕಿ, ತೆಂಗಿನ ನಾರಲ್ಲಿ ಗಸಗಸ ಉಜ್ಜಿದ. ಆರು ಚೂರುಚೂರು!

"ಅಯ್ಯೋ ನನ್ನ ಕರ್ಮವೇ! ತೊಳೆದ್ರೆ ಬೇಗ ಕೆಡ್ತವೆ ಕಣೋ! ಎಣ್ಣೆ ಸವರಿ ಇಡಬೇಕು!"

"ಆಗ್ಲಿ ಕಣವ್ವ, ಸವರ್ತೀನಿ."

ನಾಲ್ಕು ದಿನ ಬಿಟ್ಟು ಅಂಗಡಿಯಿಂದ ಬೆಂಕಿಪೊಟ್ಟಣ ತಂದ. ಕಡ್ಡಿ ಕಡ್ಡಿಗೂ ಎಣ್ಣೆ ಸವರಿದ, ಶ್ರದ್ಧೆ ನೋಡಿ! ಮೂರು ಹೊತ್ತು ಒಲೆ ಹತ್ತಲಿಲ್ಲ.

"ಎಲಾ ಕೋಡಂಗಿ! ನನ್ನ ನೋಡಿ ಕಲಿ. ಉಳಿದ ಹನ್ನೆರಡು ಮೊಟ್ಟೆ ರಾಗಿ ಗುಡಾಣದಲ್ಲಿ ಹೂತಿಟ್ಟು, ದಿನಾ ಒಂದ್ಸಲ ತಲೆಕೆಳಗು ಮಾಡ್ತಿಲ್ವಾ? ಕೆಟ್ಟವಾ? ನೀನೂ ಹಂಗೇ ಮಾಡು!"

"ಆಗ್ಲಿ ಕಣವ್ವ, ಹಂಗೇ ಮಾಡ್ತೀನಿ."

ನೆಂಟರು ಬರೋ ಹಿಂದಿನ ದಿನ ಗಿರಿಯವ್ವ ಒಂದು ಗಡಿಗೆ ಮೊಸರು ತಂದು ಅವನ ಕೈಗೆ ಕೊಟ್ಟಳು. ಸಣ್ಣೀರ ಅದನ್ನು ರಾಗಿಯಲ್ಲಿ ಹೂತ. ಹೊತ್ತಾರೆ ಎದ್ದು, ಮರೆಯದೆ, ತಲೆಕೆಳಗು ಮಾಡಿದ. ರಾಗಿಯೆಲ್ಲ ಮೊಸರು, ಮೊಸರೆಲ್ಲ ರಾಗಿ!

ಗಿರಿಯವ್ವ ಎದೆ ಎದೆ ಬಡಿದುಕೊಂಡಳು. "ನೆಂಟರು ಈಗ ಬರ್ತಾರೆ! ಮೊಟ್ಟೆ ಯಾವುದು ಕೆಟ್ಟೈತೋ, ಯಾವುದು ಉಳಿದೈತೋ! ಮುಂಡೇದೇ, ಇವತ್ತು ಒಳಕ್ಕೆ ಏನೇ ತಂದ್ರೂ ಮೊದಲು ನೀರಿಗೆ ಹಾಕಿ ನೋಡು. ಮುಳುಗಿದ್ರೆ ಒಳ್ಳೇದು. ತೇಲಿದ್ರೆ ಕೆಟ್ಟಿದ್ದು, ತಿಪ್ಪೆಗೆ ಎಸಿ!"

"ಆಗ್ಲಿ ಕಣವ್ವ. ಮುಳುಗಿದ್ದು ಒಳಕ್ಕೆ, ತೇಲಿದ್ದು ತಿಪ್ಪೆಗೆ."

ಗಿರಿಯವ್ವ ಒಲೆ ಮುಂದೆ ಕೂತು ಈರುಳ್ಳಿ ಹೆಚ್ಚತೊಡಗಿದಳು. ಮನೆ ಮುಂದಿನ ನೀರಿನ ಕುಂಟೆ ಕಡೆಯಿಂದ ದುಡುಂ ಅಂತ ಒಂದು ಸದ್ದು. ಮತ್ತೆ ದುಡುಂ!

"ಸಣ್ಣೀರಾ, ನೆಂಟರು ಬಂದ್ರೇನೋ?"

"ಬಂದ್ರು ಕಣವ್ವ! ಕುಂಟೆ ದಡದಲ್ಲಿ ಕಾಲು ತೊಳೀತಿದ್ರು, ಇಬ್ಬರನ್ನೂ ನೀರಿಗೆ ಹಾಕಿ ನೋಡ್ದೆ. ಹೆಣ್ಣಿನಪ್ಪ ತೇಲ್ದ, ಪೂರಾ ಕೆಟ್ಟೋಗವ್ನೆ! ತಿಪ್ಪೆ ಮೇಲೆ ಹಾಕಿ ಬಂದೆ, ಅಲ್ಲೇ ಬೈಕೊಂಡು ಕೂತವ್ನೆ. ಹೆಣ್ಣಿನ ಸೋದರಮಾವ ಮಾತ್ರ ಒಳ್ಳೇ ಸರಕು ಕಣವ್ವ, ಇನ್ನೂ ಮುಳುಗೇ ಅವ್ನೆ! ಒಳಕ್ಕೆ ತರ್ಲಾ, ಇನ್ನೊಂದು ಗಳಿಗೆ ನೋಡ್ಲಾ?"