ಗೂಳಪ್ಪನ ಗಾಡಿಯೂ ಫಕೀರವ್ವನ ಬುದ್ಧಿಮಾತೂ

ಬೆನಕನಹಾಳದಲ್ಲಿ ಒಬ್ಬ ತಾಯಿ, ಅವಳಿಗೊಬ್ಬ ಮಗ. ತಾಯಿ ಫಕೀರವ್ವ, ಮಗ ಗೂಳಪ್ಪ. ಆಳು ನೋಡಿದರೆ ಬಾಗಿಲು ತುಂಬುವ ಹಾಗಿದ್ದ, ತಲೆ ಮಾತ್ರ ಖಾಲಿ. ಹೇಳಿದ್ದನ್ನು ಮಾಡುವುದಿಲ್ಲ ಅನ್ನುವ ಹಾಗಿರಲಿಲ್ಲ. ಹೇಳಿದ್ದನ್ನೇ ಮಾಡುತ್ತಿದ್ದ! ಊರ ತಾಯಂದಿರೆಲ್ಲ ಮಕ್ಕಳು ಮಾತು ಕೇಳುವುದಿಲ್ಲ ಅಂತ ಅತ್ತರೆ, ಫಕೀರವ್ವ ಒಬ್ಬಳು ಮಗ ಮಾತು ಕೇಳುತ್ತಾನೆ ಅಂತ ಅಳುತ್ತಿದ್ದಳು.

ಹನ್ನೆರಡು ಕಡೆ ಹೆಣ್ಣು ಕೇಳಿದಳು, ಹನ್ನೆರಡು ಕಡೆಯೂ ಇಲ್ಲ ಅಂದರು. ಹದಿಮೂರನೆಯವನು ಆರು ಕಿಲೋಮೀಟರ್ ಆಚೆ ಕರಡಿಕೊಪ್ಪದ ವಿರೂಪಾಕ್ಷಪ್ಪ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಅವನು ಮಾತ್ರ ಇಲ್ಲ ಅನ್ನಲಿಲ್ಲ.

"ನಿಮ್ಮ ಹಿತ್ತಲದಾಗ ಸತ್ತ ಮೋಟಾರ್ ಸೈಕಲ್ ಒಂದು ಬಿದ್ದೈತಂತಲ್ಲ? ನಿಮ್ಮ ಹುಡುಗ ಅದಕ್ಕ ತನ್ನ ಕೈಲೆ ಜೀವಾ ತುಂಬಿ, ಬರೋ ಐತವಾರ ಅದರ ಮ್ಯಾಲ ಕುಂತು ನಮ್ಮನಿಗೆ ಬರ್ಲಿ. ಗಾಡಿ ಬಂದ್ರ ಹೆಣ್ಣೈತಿ. ಬರಲಿಲ್ಲಂದ್ರ ಇಲ್ಲ!"

ಆ ಗಾಡಿ ಗೂಳಪ್ಪನ ಅಪ್ಪನದು. ಅಪ್ಪ ಹೋಗಿ ಎಂಟು ವರ್ಷವಾಗಿತ್ತು. ಅಂದಿನಿಂದ ಅದರ ಮೇಲೆ ಕೌದಿ ಒಣಗುತ್ತಿದ್ದವು, ಕೆಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಫಕೀರವ್ವ ಕೋಳಿಗಳನ್ನು ಓಡಿಸಿ ಮಗನನ್ನು ಕರೆದಳು.

"ನೋಡು ಗೂಳ್ಯಾ, ಇದು ತಪ್ಪಿದ್ರ ನಿನಗ ಮದುವಿ ಇಲ್ಲ, ನನಗ ಸೊಸಿ ಇಲ್ಲ. ಮೊದಲು ಸ್ವಚ್ಛ ತೊಳಿ. ಒಳಗ ಹೊರಗ ಒಂದೀಟೂ ಹೊಲಸು ಉಳೀಬಾರದು!"

"ಆತವಾ!" ಅಂದ ಗೂಳಪ್ಪ.

ಹೊರಗೆ ತೊಳೆದ. ಒಳಗೆ ಅಂತಲೂ ಹೇಳಿದ್ದಳಲ್ಲ! ಎಂಜಿನ್ ಬಿಚ್ಚಿ ಬೂದಿ ಹಾಕಿ ತಿಕ್ಕಿದ. ಟ್ಯಾಂಕಿಗೆ ಸೀಗೆಕಾಯಿ ಕಲಸಿದ ಬಿಸಿನೀರು ಹೊಯ್ದ. ಕಾರ್ಬುರೇಟರಿಗೆ ಹರಳೆಣ್ಣೆ ಹಚ್ಚಿ ಜಳಕ ಮಾಡಿಸಿ, ಟವೆಲಿನಲ್ಲಿ ಸುತ್ತಿ ಮಲಗಿಸಿದ. ಸೈಲೆನ್ಸರಿನಿಂದ ನೊರೆ ಉಕ್ಕಿ ಓಣಿಗೆ ಹರಿಯಿತು. ಪಂಪು ರಿಪೇರಿ ಮಾಡುವ ಪಕ್ಕದ ಮನೆಯ ದಾವಲಸಾಬ ನೊರೆ ತುಳಿದು ಜಾರುತ್ತ ಜಾರುತ್ತ ಒಳಗೆ ಬಂದ.

"ಯಾ ಅಲ್ಲಾ! ಎಂಜಿನ್‌ಗೆ ಜಳಕಾ ಮಾಡಿಸ್ತಾರೇನಲೇ, ಕ್ವಾಣಾ! ಅದಕ್ಕ ಬೇಕಾದ್ದು ಎಣ್ಣಿ, ನೀರಲ್ಲ! ಎಲ್ಲಿ ಕಿರ್ ಅಂತೈತಿ, ಅಲ್ಲಿ ಎಣ್ಣಿ ಬಿಡು. ತಿಳೀತಾ?"

"ತಿಳೀತು ಚಾಚಾ!"

ದಾವಲಸಾಬನಿಗೆ ಫಕೀರವ್ವನ ಮುಖ ನೋಡಿ ಕರುಳು ಚುರುಕ್ ಅಂದಿತು. ಹುಡುಗನೇ ಕೈಯಾರೆ ಮಾಡಬೇಕೆಂಬುದು ಕರಾರು. ಅದಕ್ಕೇ ಅವನು ಕಲ್ಲಿನ ಮೇಲೆ ಕೂತು ಬಾಯಲ್ಲಿ ಹೇಳಿದ, ಗೂಳಪ್ಪ ಕೈಯಲ್ಲಿ ಮಾಡಿದ. ಎಡಕ್ಕೆ ತಿರುವು ಅಂದರೆ ಎಡಕ್ಕೆ, ಸಾಕು ಅಂದರೆ ಸಾಕು. ತನ್ನದೊಂದು ಬುದ್ಧಿ ನಡುವೆ ತೂರಿಸಲಿಲ್ಲ, ಇದ್ದರೆ ತಾನೇ! ಮೂರು ದಿನಕ್ಕೆ ಎಂಜಿನ್ ಕೂಡಿತು. "ಇಂಥಾ ಕೈ ನಾ ನೋಡೇ ಇಲ್ಲ," ಅಂತ ದಾವಲಸಾಬ ಬೆರಗಾದ. ಆದರೆ ಅವನು ಸಂತೆಗೆ ಹೋದ ಗುರುವಾರ ಗೂಳಪ್ಪ ಒಬ್ಬನೇ ಉಳಿದ.

ಗಾಡಿ ತಳ್ಳಿ ನೋಡಿದ. ಗಾಲಿ ಸದ್ದಿಲ್ಲದೆ ತಿರುಗಿತು. ಬ್ರೇಕು ಒತ್ತಿದ. ಕಿರ್ರ್!

"ಹಾಂ! ಸಿಕ್ತು!" ಅಂದ ಗೂಳಪ್ಪ. ತಾಯಿಯ ತಲೆಗೆಣ್ಣೆಯ ಬಾಟಲಿ ತಂದು, ಎರಡೂ ಗಾಲಿಯ ಬ್ರೇಕಿಗೆ ಕೊನೆಯ ಹನಿಯವರೆಗೂ ಬಿಟ್ಟ. ಮತ್ತೆ ಒತ್ತಿದ. ಕಿರ್ ಇಲ್ಲ, ಪಿರ್ ಇಲ್ಲ! ಖುಷಿಯಾಗಿ ಗಾಡಿ ಹತ್ತಿ ಊರ ಅಗಸಿಬಾಗಿಲಿನ ಇಳಿಜಾರಿನಲ್ಲಿ ಬಿಟ್ಟ. ಗಾಡಿ ಹೋಯಿತು, ಹೋಯಿತು, ಹೋಗುತ್ತಲೇ ಇತ್ತು. ಕೊನೆಗೆ ಓಣಿಯ ಗಂಗವ್ವ ಸಗಣಿ ತಟ್ಟಿ ಒಟ್ಟಿದ್ದ ಕುಳ್ಳಿನ ಬಣವೆ ಹೊಕ್ಕು ನಿಂತಿತು. ಗಾಡಿಯ ಬಾಲ ಹೊರಗೆ, ಗೂಳಪ್ಪ ಒಳಗೆ.

ಸಂತೆಯಿಂದ ಬಂದ ದಾವಲಸಾಬ ಹಣೆ ಹಣೆ ಚಚ್ಚಿಕೊಂಡ.

"ಬ್ರೇಕಿಗೆ ಯಾರರ ಎಣ್ಣಿ ಬಿಡ್ತಾರೇನಲೇ!"

"ಕಿರ್ ಅಂತಿತ್ತು ಚಾಚಾ!"

"ಜಾರೋದು ಇದ್ರ ಸ್ಯಾಂಡ್‌ಪೇಪರ್ ಹಚ್ಚಿ ತಿಕ್ಕಬೇಕು! ಒರಟು ಆಗೋತನಕ ತಿಕ್ಕಬೇಕು! ತಿಳೀತಾ?"

"ತಿಳೀತು ಚಾಚಾ!" ಅಂದವನೇ ಬ್ರೇಕಿನ ಪಟ್ಟಿಗಳನ್ನು ತಿಕ್ಕಿದ. ಬ್ರೇಕು ಹಿಡಿಯಿತು. ಫಕೀರವ್ವ ಉಸಿರು ಬಿಟ್ಟಳು.

ಶುಕ್ರವಾರ ಅವಳಿಗೊಂದು ಆಸೆ ಹುಟ್ಟಿತು. ಗಂಡ ಬದುಕಿದ್ದಾಗ ಆ ಟ್ಯಾಂಕು ಕೆಂಪಗೆ ಹೊಳೆಯುತ್ತಿತ್ತು. ಅದೇ ಕೆಂಪು ಮತ್ತೆ ಕಾಣಬೇಕು ಅನ್ನಿಸಿತು. ಅಂಗಡಿಗಳ ಬೋರ್ಡು ಬರೆಯುವವನನ್ನು ಕರೆಸಿ ಬಣ್ಣ ಹೊಡೆಸಿದಳು. ಒಂದು ಮಗ್ಗುಲಿಗೆ ಜೋಡಿ ಗಿಳಿ, ಇನ್ನೊಂದು ಮಗ್ಗುಲಿಗೆ ‘ತಾಯಿಯ ಆಶೀರ್ವಾದ’. ಸೀಟಿಗೆ ಹಾಕಿಸಿದ ಹೊಸ ರೆಕ್ಸಿನ್ ಕೂಡ ಕರ್ರಗೆ ಮಿಂಚಿತು. ಫಕೀರವ್ವ ಗಾಡಿಯನ್ನು ಮೂರು ಸಲ ಸುತ್ತಿ ನೋಡಿದಳು, ನಾಲ್ಕನೆಯ ಸಲಕ್ಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಶನಿವಾರ ಗೂಳಪ್ಪ ಸೀಟಿನ ಮೇಲೆ ಕೂತು ನೋಡಿದ. ಜಾರಿದ. ಟ್ಯಾಂಕಿಗೆ ಮೊಣಕಾಲು ಒತ್ತಿ ಹಿಡಿದ. ಅದೂ ಜಾರಿತು.

"ಹಾಂ! ಸಿಕ್ತು!"

ತಾಯಿ ಹೊಲದಿಂದ ಬರುವಷ್ಟರಲ್ಲಿ ಸೀಟು ತೌಡಾಗಿತ್ತು. ಗಿಳಿಗಳು ಹಾರಿಹೋಗಿದ್ದವು, ಆಶೀರ್ವಾದ ಪುಡಿಪುಡಿಯಾಗಿ ನೆಲದ ಮೇಲೆ ಬಿದ್ದಿತ್ತು. ಗೂಳಪ್ಪ ಬೆವರೊರೆಸಿಕೊಂಡು, "ಮುಟ್ಟಿ ನೋಡವಾ, ಹೆಂಗ ಒರಟು ಆಗೈತಿ!" ಅಂದ.

ಫಕೀರವ್ವ ಬೈಯಲಿಲ್ಲ. ಅಲ್ಲೇ ಕುಸಿದು ಕೂತು ಅತ್ತಳು. ಗಂಡ ಇನ್ನೊಮ್ಮೆ ಸತ್ತ ಹಾಗಾಯಿತು ಅವಳಿಗೆ. ಅತ್ತು ಮುಗಿದ ಮೇಲೆ ಬೈದಳು.

"ನಿನ್ನ ಕೈ ಸೇದಿಹೋಗ! ಚಲೋ ಇದ್ದದ್ದನ್ನ ಮುಟ್ಟಬಾರದಲೇ! ಚಲೋ ಇದ್ರ ಕೈ ಹಚ್ಚಬ್ಯಾಡ, ಹಂಗ ಬಿಡು! ಕೆಟ್ಟಾಗ ಮಾತ್ರ ಮುಟ್ಟು! ತಿಳೀತಾ?"

"ತಿಳೀತವಾ!"

ಐತವಾರ ಬಂತು. ಫಕೀರವ್ವ ಮೊದಲ ಬಸ್ಸಿಗೇ ಕರಡಿಕೊಪ್ಪಕ್ಕೆ ಹೋಗಿ ಬೀಗರ ಪಡಸಾಲೆಯಲ್ಲಿ ಕೂತಳು. ಇತ್ತ ಗೂಳಪ್ಪ ಕಿಕ್ ಹೊಡೆದ, ಹೊಡೆದ, ನೂರಾ ಎಂಟು ಸಲ ಹೊಡೆದ. ಗಾಡಿ ಕೆಮ್ಮಿತು, ಸೀನಿತು, ಕೊನೆಗೆ ಡುಗುಡುಗು ಅಂತ ಎದ್ದಿತು. ದಾವಲಸಾಬ ಕುಣಿದಾಡಿದ.

ಪಡಸಾಲೆಯಲ್ಲಿ ಉಪ್ಪಿಟ್ಟು ಬಂದಿತ್ತು. ಹುಡುಗಿ ನೀಲವ್ವ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಅಷ್ಟರಲ್ಲಿ ಡುಗುಡುಗು ಕೇಳಿಸಿತು. "ಬಂದ ನನ್ ಮಗ!" ಅಂತ ಫಕೀರವ್ವ ಬಾಗಿಲಿಗೆ ಓಡಿದಳು. ಗೂಳಪ್ಪ ಬಂದ. ಬಂದವನು ನಿಲ್ಲಲಿಲ್ಲ, ಮನೆ ಸುತ್ತಿ ಹಿತ್ತಲ ಕಡೆ ಹೋದ.

"ನಿಲ್ಸೋ!"

ಒಂದು ಸುತ್ತು ಹಾಕಿ ಬಂದು ಉತ್ತರ ಕೊಟ್ಟ. "ಚಲೋ ನಡದೈತಿ ಎವ್ವಾ!" ಮತ್ತೆ ಹೋದ.

"ಇಳಿಯಲೇ, ಭಾಡ್ಯಾ!"

ಇನ್ನೊಂದು ಸುತ್ತು. "ಚಲೋ ಇದ್ದದ್ದನ್ನ ಮುಟ್ಟಬಾರದು! ನೀನ ಹೇಳಿದಿ!" ಮತ್ತೆ ಹೋದ.

ವಿರೂಪಾಕ್ಷಪ್ಪ ಮಾತ್ರ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತು ತಲೆದೂಗುತ್ತಿದ್ದ. ಅವನಿಗೆ ಹುಡುಗ ಕಾಣುತ್ತಿರಲಿಲ್ಲ, ಎಂಜಿನ್ ಕೇಳುತ್ತಿತ್ತು. ಹುಡುಗನಿಗೆ ಓದು ಎಷ್ಟಾಗಿದೆ ಅಂತ ನೀಲವ್ವನ ಸೋದರಮಾವ ಮೂರನೆಯ ಸುತ್ತಿಗೆ ಕೇಳಿದ್ದಕ್ಕೆ ನಾಲ್ಕನೆಯ ಸುತ್ತಿಗೆ "ಏಳನೇತ್ತಾ!" ಅಂತ ಉತ್ತರ ಬಂತು. ಐದನೆಯ ಸುತ್ತಿಗೆ ಉಪ್ಪಿಟ್ಟಿನ ತಟ್ಟೆ ಇಸಿದುಕೊಂಡ, ಆರನೆಯ ಸುತ್ತಿಗೆ ಖಾಲಿ ತಟ್ಟೆ ಕೊಟ್ಟ. ಓಣಿಯೆಲ್ಲ ನಕ್ಕಿತು. ಹದಿಮೂರನೆಯದೂ ಹೋಯಿತು ಅಂತ ಫಕೀರವ್ವ ಸೆರಗು ಬಾಯಿಗಿಟ್ಟುಕೊಂಡಳು.

ಆಗ ನೀಲವ್ವ ಚಹಾದ ತಟ್ಟೆ ಕೆಳಗಿಟ್ಟಳು. ಏಳನೆಯ ಸುತ್ತು ಬರುವುದನ್ನೇ ಕಾದಿದ್ದು ಗಟ್ಟಿಯಾಗಿ ಕೂಗಿದಳು.

"ಸದ್ದು ಕೆಟ್ಟೈತ್ರೀ!"

ಗೂಳಪ್ಪ ಥಟ್ಟನೆ ಚಾವಿ ತಿರುಗಿಸಿದ. ಗಾಡಿ ನಿಂತಿತು.

"ಸದ್ದು ಎಲ್ಲಿ ಕೆಟ್ಟೈತಿ? ವೀಣಾ ನುಡಿಸಿದಂಗ ಐತಿ!" ಅಂತ ವಿರೂಪಾಕ್ಷಪ್ಪ ಕಣ್ಣು ಬಿಟ್ಟು ರೇಗಿದ. ನೀಲವ್ವ ಮುಸಿಮುಸಿ ನಕ್ಕಳು. "ಇರ್ಲಿ ಅಪ್ಪಾ. ಇಂವನ ಆಗ್ಲಿ. ಹೇಳೋ ರೀತಿ ಗೊತ್ತಾತು," ಅಂದಳು.

ವಿರೂಪಾಕ್ಷಪ್ಪ ಅಳಿಯನ ಬೆನ್ನು ತಟ್ಟಿ ಮೀಟರು ಸೊನ್ನೆಗೆ ತಿರುಗಿಸಿದ. "ಬಿಚ್ಚಿ ಕೂಡಿಸಿದ ಎಂಜಿನ್ ಇದು. ಐನೂರು ಕಿಲೋಮೀಟರ್ ಆಗೋತನಕ ಹಿಂದ ಯಾರನ್ನೂ ಕೂಡಿಸಬ್ಯಾಡ. ತಿಳೀತಾ?"

"ತಿಳೀತ್ರೀ ಮಾವಾ!"

ಫಕೀರವ್ವ ಬೀಗರಿಗೆಲ್ಲ ಕೈಮುಗಿದು ಬಸ್ಸಿನಲ್ಲಿ, ಗೂಳಪ್ಪ ಗಾಡಿಯಲ್ಲಿ ಊರಿಗೆ ಬಂದರು. ಇನ್ನೊಂದು ಎಡವಟ್ಟು ಬೇಡವೆಂದು ಮದುವೆಯವರೆಗೆ ಗಾಡಿಯನ್ನು ಹೊರಗೆ ತೆಗೆಯಗೊಡಲಿಲ್ಲ.

ಮದುವೆಯ ದಿನ ಗೂಳಪ್ಪ ಅದೇ ಗಾಡಿ ಹತ್ತಿ ಹೋದ, ಕರಡಿಕೊಪ್ಪದಲ್ಲಿ ಮದುವೆಯಾಯಿತು. ಅಕ್ಕಿಕಾಳು ಬೀಳುತ್ತಲೇ ಫಕೀರವ್ವ ಸೊಸೆಯನ್ನು ಮನೆ ತುಂಬಿಸಿಕೊಳ್ಳಲು ಮುಂದಾಗಿ ಬಂದು, ಹೊಸ್ತಿಲ ಮೇಲೆ ಸೇರು ಅಕ್ಕಿ ಇಟ್ಟು, ಆರತಿ ಹಿಡಿದು ನಿಂತಳು. ಸಂಜೆಗೆ ದೂರದಲ್ಲಿ ಡುಗುಡುಗು ಕೇಳಿಸಿತು. ಗಂಡನ ಗಾಡಿಯ ಸದ್ದು! ಎಂಟು ವರ್ಷ ಸತ್ತು ಬಿದ್ದಿದ್ದ ಗಾಡಿ ಈಗ ಅಗಸಿ ದಾಟಿ ಸೊಸೆಯನ್ನು ತನ್ನ ಬಾಗಿಲಿಗೆ ತರುತ್ತಿತ್ತು. ಅವಳ ಎದೆ ತುಂಬಿ ಬಂತು.

ಗಾಡಿ ಬಂದು ನಿಂತಿತು. ಅದರ ಮೇಲೆ ಬಾಸಿಂಗ ಕಟ್ಟಿಕೊಂಡು, ಸೀರೆ ಕಚ್ಚೆ ಹಾಕಿಕೊಂಡು ನೀಲವ್ವ ಕೂತಿದ್ದಳು. ಹ್ಯಾಂಡಲು ಅವಳ ಕೈಯಲ್ಲಿತ್ತು. ಹಿಂದಿನ ಸೀಟು ಖಾಲಿ.

"ಗೂಳ್ಯಾ ಎಲ್ಲೇ?" ಅಂದಳು ಫಕೀರವ್ವ.

"ಹಿಂದ ನನ್ನ ಕೂಡಿಸಲಿಲ್ರೀ ಅತ್ತಿ, ಐನೂರು ಆಗಿಲ್ಲ ಅಂದ್ರು. ಹಂಗಾದ್ರ ನಾ ಹೊಡೀತೀನಿ, ನೀವ ಹಿಂದ ಕೂಡ್ರಿ ಅಂದೆ."

"ಆಮ್ಯಾಲ?"

ನೀಲವ್ವ ಅಗಸಿಯ ಕಡೆ ಕೈ ತೋರಿಸಿದಳು. ಧೂಳೆದ್ದಿತ್ತು. ಧೂಳಿನಲ್ಲಿ ರೇಷ್ಮೆ ರುಮಾಲು ಬಿಚ್ಚಿ ಹಾರಾಡುತ್ತ, ಬಾಸಿಂಗ ಕಿವಿಗೆ ಜೋತಾಡುತ್ತ, ಧೋತರ ಮೊಣಕಾಲಿಗೆ ಕಟ್ಟಿಕೊಂಡು ಮದುಮಗ ಓಡಿ ಬರುತ್ತಿದ್ದ. ಆರು ಕಿಲೋಮೀಟರ್ ಓಡಿದ್ದ. ಬಂದವನೇ ಏದುಸಿರು ಬಿಡುತ್ತ ಮೀಟರಿಗೆ ಕಣ್ಣು ಹಾಕಿದ.

"ಎವ್ವಾ! ಹದಿನೆಂಟು ಆತು! ಇನ್ನ ನಾನೂರಾ ಎಂಬತ್ತೆರಡು ಓಡಿದ್ರ ನಾನೂ ಕೂಡಬಹುದು!"