ಸಾಕಿದ ಮೀನು ನೆರಳು ಕಂಡರೆ ಮೇಲೆ ಬರೋದ್ಯಾಕೆ

ಬೆಟ್ಟದ ಮಣ್ಣು ಇನ್ನೂ ಹಸಿಯಾಗಿತ್ತು, ಹೊಳೆಗೆ ತನ್ನ ದಾರಿ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ಆವಾಗಿನ ಮಾತು ಇದು, ಕೂಸೇ. ಆವಾಗ ನೀರೂ ಮಾತಾಡುತ್ತಿತ್ತು, ಹಕ್ಕಿಯೂ ಮಾತಾಡುತ್ತಿತ್ತು, ಕೇಳುವವರಿಗೆ ಪುರುಸೊತ್ತೂ ಇತ್ತು.

ಒಂದು ಬೇಸಿಗೆಯಲ್ಲಿ ಹೊಳೆ ಬತ್ತುತ್ತಾ ಬಂತು. ದಡದಲ್ಲೇ ಗುಡಿಸಲು ಹಾಕಿಕೊಂಡಿದ್ದ ಪುಟ್ಟೀರಮ್ಮನನ್ನು ಕೂಗಿ, ಮಳೆ ಬರುವವರೆಗೆ ನನ್ನ ಮೀನಿನ ಮೊಟ್ಟೆ ಇಟ್ಟುಕೋ ತಾಯಿ ಅಂತು. ಮಕ್ಕಳಿಲ್ಲದ ಹೆಂಗಸು ಅವಳು. ಸೆರಗು ಒದ್ದೆ ಮಾಡಿ, ಮೊಟ್ಟೆಗಳನ್ನು ಅದರಲ್ಲಿ ಹೊತ್ತು ತಂದು, ಹಿತ್ತಲ ಒರತೆ ಹತ್ತಿರದ ಕಲ್ಲುಬಾನಿಗೆ ಬಿಟ್ಟಳು.

ಮೊಟ್ಟೆ ಒಡೆದು ಮರಿಗಳಾದವು. ಪುಟ್ಟೀರಮ್ಮ ಬಗ್ಗಿದರೆ ನೀರಿಗೆ ನೆರಳು ಬೀಳುತ್ತಿತ್ತು. ನೆರಳು ಬಿದ್ದರೆ ತೌಡು ಬೀಳುತ್ತಿತ್ತು. ಮರಿಗಳು ಕಲಿತದ್ದು ಇಷ್ಟೇ: ನೆರಳು ಅಂದರೆ ಅವ್ವ, ಅವ್ವ ಅಂದರೆ ಊಟ. ಎಂಥ ಸುಖದ ಕಾಲ ಅದು. ಎಲ್ಲವೂ ಒಟ್ಟಿಗೆ ಬಾಯಿ ತೆರೆದು ಬಂದರೆ ಬಾನಿಯೊಳಗೇ ಮಳೆ ಹುಯ್ದ ಹಾಗೆ ಸದ್ದಾಗುತ್ತಿತ್ತಂತೆ.

ಮಳೆ ಬಂತು, ಹೊಳೆ ತುಂಬಿತು. ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ ಪುಟ್ಟೀರಮ್ಮ ಮರಿಗಳಿಗೂ ಮಡಿಲಕ್ಕಿ ಕೊಟ್ಟಳು. ಹಿಡಿ ಅಕ್ಕಿ ನೀರಿಗೆ ಚೆಲ್ಲಿ, ಹೋಗಿ ಬನ್ನಿ ಅಂತ ಬಿಟ್ಟಳು. ಬಿಟ್ಟ ಮೇಲೆ ಸುಮ್ಮನಿದ್ದಳೇ? ಹೊಸ ಮನೆಯಲ್ಲಿ ಹಸಿದಿರುತ್ತವೆ ಅಂತ ದಿನಾ ತೌಡು ಕಟ್ಟಿಕೊಂಡು ದಡಕ್ಕೆ ಹೋದಳು.

ಮೇಲಿನ ಮಡುವಿಂದ ಬಂದ ಮೀನುಗಳು ಕಲ್ಲಿನ ಮರೆಯಲ್ಲಿ ನಿಂತು, ತೇಲಿ ಬಂದ ಹುಳ ಹಿಡಿಯುತ್ತಿದ್ದವು. ಬಾನಿಯಲ್ಲಿ ಬೆಳೆದ ಇವಕ್ಕೆ ಮರೆ ಅಂದರೇನು ಗೊತ್ತು? ನಡುನೀರಲ್ಲಿ ಈಜಿ ಈಜಿ ದಣಿದವು. ತೌಡು ಅಂದುಕೊಂಡು ಮರದ ಚಕ್ಕೆ ನುಂಗಿದವು.

ಕೊಕ್ಕರೆ ಇದನ್ನೆಲ್ಲ ನೋಡುತ್ತಿತ್ತು. ಒಂದು ದಿನ ಬಂದು ರೆಕ್ಕೆ ಅಗಲಿಸಿ ನಿಂತಿತು. ನೀರಿಗೆ ನೆರಳು ಬಿತ್ತು. ಅವ್ವ ಬಂದಳು ಅಂತ ಮರಿಗಳು ಬಾಯಿ ತೆರೆದು ಮೇಲೆ ಬಂದವು.

ಪುಟ್ಟೀರಮ್ಮ ಓಡಿ ಬರುವಷ್ಟರಲ್ಲಿ ಅರ್ಧ ಮರಿಗಳು ಇರಲಿಲ್ಲ. ಕೊಕ್ಕರೆ ಕೊಕ್ಕು ಒರೆಸಿಕೊಂಡು, “ಚೆನ್ನಾಗಿ ಸಾಕಿದ್ದೀಯ ಅಕ್ಕ. ಕರೆಯೋದೂ ಬೇಡ, ತಾವೇ ಬರ್ತವೆ” ಅಂತು.

ಅವಳು ಹೊಳೆಯನ್ನು ಬಾಯಿಗೆ ಬಂದಂತೆ ಬೈದಳು. ನಿನ್ನ ಮಕ್ಕಳನ್ನು ನೀನು ಕಾಯಬಾರದಾ ಅಂದಳು. ಹೊಳೆ ಬೈಗುಳ ಮುಗಿಯುವ ತನಕ ಹರಿಯಿತು. ಆಮೇಲೆ ಮೆಲ್ಲಗೆ ಹೇಳಿತು:

“ಅಡಗೋಕೆ ಕಲ್ಲು ಕೊಟ್ಟಿದ್ದೀನಿ ತಾಯಿ. ಆದರೆ ಅವು ನೋಡ್ತಾ ಇರೋದು ನಿನ್ನ ದಾರಿ. ನೀನು ಉಣ್ಣಿಸ್ತಾ ಇರೋ ತನಕ ಅವು ನನ್ನವಾಗೋದಿಲ್ಲ.”

ಮಾರನೆಯ ದಿನ ಪುಟ್ಟೀರಮ್ಮ ತೌಡು ತರಲಿಲ್ಲ, ಬಿದಿರು ಕೋಲು ತಂದಳು. ಬಗ್ಗಿದಳು. ಉಳಿದ ಮರಿಗಳು ಓಡೋಡಿ ಬಂದವು. ಕಣ್ಣು ಮುಚ್ಚಿಕೊಂಡು ನೀರಿಗೆ ಕೋಲು ಬಡಿದಳು. ಮರಿಗಳು ಬೆಚ್ಚಿದವು, ಹೋಗಲಿಲ್ಲ. ಇನ್ನೊಮ್ಮೆ ಬಡಿದಳು. ಆಗ ಚೆದುರಿ ಕಲ್ಲಿನ ಸಂದಿಗೆ ನುಗ್ಗಿದವು.

ದಿನಾ ಬಂದಳು, ದಿನಾ ಬಡಿದಳು. ಕೊನೆಗೊಂದು ದಿನ ಬಗ್ಗಿ ನೋಡಿದರೆ ನೀರು ಬರಿದು, ಒಂದೂ ಮೇಲೆ ಬರಲಿಲ್ಲ. ಗೆದ್ದೆ ಅಂತ ನಗಲು ಹೋದಳು, ಅಳು ಬಂತು. ಕೊಕ್ಕರೆ ರೆಕ್ಕೆ ಅಗಲಿಸಿ ಸಂಜೆವರೆಗೂ ನಿಂತು ಕಾಲು ನೋಯಿಸಿಕೊಂಡಿತು, ಅಷ್ಟೇ.

ಅದಕ್ಕೇ ಕೂಸೇ, ತೊಟ್ಟಿಯಲ್ಲಿ ಸಾಕಿ ಹೊಳೆಗೆ ಬಿಟ್ಟ ಮೀನಿನ ಮೇಲೆ ಇವತ್ತೂ ನಿನ್ನ ನೆರಳು ಬಿದ್ದರೆ, ಅದು ಮೊದಲು ಒಂದು ಗೇಣು ಮೇಲೆ ಬರುತ್ತದೆ, ಆಮೇಲೆ ಸರಕ್ಕನೆ ತಿರುಗಿ ಕಲ್ಲಿನಡಿಗೆ ಹೋಗುತ್ತದೆ.